ಕೊನೆಯ ಹದಿನಾರು ಪುಟ

"ಇವತ್ತಿನ ಮೊಟ್ಟೆಗೆ ಎಷ್ಟು ಸ್ಟಾರು, ಅಪ್ಪ?" ಎಂದು ಚಿಕ್ಕವಳು ಕೇಳಿದಳು.

"ಎರಡು," ಎಂದರು ಅಪ್ಪ, ಫೋನಿನಿಂದ ತಲೆ ಎತ್ತದೆ. "ಹಳದಿ ಕಲ್ಲಾಗಿದೆ. ಉಪ್ಪೆಲ್ಲ ಒಂದೇ ಕಡೆ ಬಿದ್ದಿದೆ."

"ನಿನ್ನೆ ಹಳದಿ ಹರಿದುಹೋಗ್ತಿದೆ ಅಂತ ಎರಡು ಕೊಟ್ಟಿದ್ರಿ," ಎಂದಳು ಅಮ್ಮ ಒಲೆಯ ಮುಂದಿನಿಂದ.

"ಎರಡೂ ತಪ್ಪೇ."

ಅಪ್ಪ ಮೂವತ್ತೆರಡು ವರ್ಷ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಪುಸ್ತಕ ಮಾರುವ ಒಂದು ಜಾಲತಾಣದಲ್ಲಿ ಓದುಗರು ತಮ್ಮ ಅಭಿಪ್ರಾಯ ಬರೆಯಬಹುದು ಎಂದು ಅವರಿಗೆ ಗೊತ್ತಾದದ್ದು ನಿವೃತ್ತಿಯ ಮೂರನೇ ತಿಂಗಳಲ್ಲಿ. ಅಲ್ಲಿಂದ ಈಚೆಗೆ ಅವರು 'ನೇರನುಡಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಕವನ ಸಂಕಲನಗಳು, ಹಳೆಯ ಕೃತಿಗಳ ಹೊಸ ಮುದ್ರಣಗಳು, ಈ ಎರಡೇ ಅವರ ಬೇಟೆ. ಕಾದಂಬರಿಗಳು ಬೈಸಿಕೊಳ್ಳುವುದಕ್ಕೂ ಯೋಗ್ಯವಲ್ಲ ಎನ್ನುತ್ತಿದ್ದರು. ನಾಲ್ಕು ವರ್ಷದಲ್ಲಿ ನಾನೂರ ಹನ್ನೊಂದು ಅಭಿಪ್ರಾಯ ಬರೆದಿದ್ದರು, ಅದರಲ್ಲಿ ಮುಕ್ಕಾಲು ಪಾಲು ಒಂದೇ ನಕ್ಷತ್ರದವು. ಒಂದು ಸಂಕಲನಕ್ಕೆ ಅವರು ಬರೆದದ್ದು ಇಷ್ಟೇ: "ಕವಿ ಚಂದ್ರನನ್ನು ಹದಿನೇಳು ಸಲ ಕರೆದಿದ್ದಾರೆ. ಚಂದ್ರ ಒಮ್ಮೆಯೂ ಬಂದಿಲ್ಲ." ಇನ್ನೊಂದಕ್ಕೆ: "ಇದರಲ್ಲಿ ಖಾಲಿ ಬಿಟ್ಟ ಜಾಗವೇ ಹೆಚ್ಚು. ಅದೇ ಇದರ ಉತ್ತಮ ಭಾಗ." ಜನ ಇಂಥದ್ದನ್ನು ಓದಲೆಂದೇ ಆ ತಾಣಕ್ಕೆ ಬರುತ್ತಿದ್ದರು. ಪುಸ್ತಕ ಕೊಳ್ಳದೆ ನಕ್ಕು ಹೋಗುತ್ತಿದ್ದರು.

ಬೆಳಗಿನ ತಿಂಡಿಯ ಹೊತ್ತಿಗೆ ಅಪ್ಪ ತಾವು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು. ಅಮ್ಮ ಬ್ರೆಡ್ಡು ಸುಡುತ್ತಾ ಕೇಳಿಸಿಕೊಳ್ಳುತ್ತಿದ್ದಳು, ಅಥವಾ ಕೇಳಿಸಿಕೊಳ್ಳುತ್ತಿರಲಿಲ್ಲ. ಹಲ್ಲಿನ ಡಾಕ್ಟರ ಬಳಿ ರಿಸೆಪ್ಷನಿಸ್ಟ್ ಆಗಿದ್ದ ಚಿಕ್ಕವಳು ಎಲ್ಲಿ ನಗಬೇಕೋ ಅಲ್ಲಿ ನಕ್ಕು, ಬ್ಯಾಗು ಎತ್ತಿಕೊಂಡು ಓಡುತ್ತಿದ್ದಳು. ದೊಡ್ಡವಳು ನಗುತ್ತಿರಲಿಲ್ಲ. ಅವಳು ಒಂದು ಸಣ್ಣ ಪ್ರಕಾಶನದಲ್ಲಿ ಎಂಟು ವರ್ಷದಿಂದ ಟೈಪ್ ಮಾಡಿ ಪುಟ ಕಟ್ಟುವ ಕೆಲಸದಲ್ಲಿದ್ದಳು. ನಕ್ಷತ್ರ ಇಳಿದ ಪುಸ್ತಕದ ಕಟ್ಟುಗಳು ಗೋದಾಮಿನಲ್ಲಿ ಹೇಗೆ ಬಿದ್ದಿರುತ್ತವೆಂದು ಅವಳು ದಿನಾ ನೋಡುತ್ತಿದ್ದಳು.

ಆ ಮಂಗಳವಾರ ಸಂಜೆ ಅವಳು ಒಂದು ಪುಸ್ತಕ ತಂದು ಊಟದ ಮೇಜಿನ ಮೇಲಿಟ್ಟಳು. ಬೈಂಡಿಂಗಿನಿಂದ ಬಂದ ಮೊದಲ ಪ್ರತಿ, ಗೋಂದಿನ ವಾಸನೆ ಇನ್ನೂ ಹೋಗಿರಲಿಲ್ಲ. ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಿದ್ದ ಒಬ್ಬ ಹಳೆಯ ಕಾಲದ ಕವಿಯ ನೂರ ಮೂವತ್ತು ಪದ್ಯಗಳು. ಅವನ ಮಾತು ಈಗ ಅರ್ಧಕ್ಕರ್ಧ ಯಾರಿಗೂ ತಿಳಿಯುವುದಿಲ್ಲವಾದ್ದರಿಂದ ಕೊನೆಯಲ್ಲಿ ಹದಿನಾರು ಪುಟ ಟಿಪ್ಪಣಿ. ಟಿಪ್ಪಣಿ ಬರೆಯಬೇಕಿದ್ದ ಪ್ರೊಫೆಸರು ಕೈಕೊಟ್ಟಾಗ ಮಾಲೀಕರು ದೊಡ್ಡವಳ ಮೇಜಿಗೆ ಬಂದು, "ನೀನೇ ಏನಾದರೂ ಹಾಕಮ್ಮ, ಪುಟ ತುಂಬಿದರೆ ಸಾಕು," ಎಂದಿದ್ದರು. ಅವಳು ಅದಕ್ಕೆ ಎಂಟು ತಿಂಗಳು ತೆಗೆದುಕೊಂಡಳು. ಭಾನುವಾರಗಳೆಲ್ಲ ಅದಕ್ಕೇ ಹೋದವು.

ಮಾಲೀಕರು ಒಂದು ಮಾತು ಕೊಟ್ಟಿದ್ದರು. "ಒಂದು ತಿಂಗಳು ನೋಡೋಣ. ಓದುಗರು ಒಳ್ಳೇದು ಬರೆದರೆ ಇನ್ನೂ ಐದು ಸಂಪುಟ ಮಾಡೋಣ. ಐದಕ್ಕೂ ಟಿಪ್ಪಣಿ ನಿನ್ನದೇ, ಒಳಪುಟದಲ್ಲಿ ನಿನ್ನ ಹೆಸರೂ ಇರುತ್ತೆ. ಬರೆಯಲಿಲ್ವಾ, ರಸೀದಿ ಪುಸ್ತಕ, ಔಷಧಿ ಡಬ್ಬದ ಲೇಬಲ್ಲು ಇದ್ದೇ ಇದೆ." ಈ ಮೊದಲ ಸಂಪುಟದಲ್ಲಿ ಮಾತ್ರ 'ಟಿಪ್ಪಣಿ: ಸಂಪಾದಕ ಮಂಡಳಿ' ಎಂದು ಹಾಕಿದ್ದರು. ಆ ಪ್ರಕಾಶನದಲ್ಲಿ ಮಂಡಳಿ ಎಂಬುದೇ ಇರಲಿಲ್ಲ.

ಅಪ್ಪ ಪುಸ್ತಕವನ್ನು ಕೈಯಲ್ಲಿ ತೂಗಿದರು. ಬೆನ್ನು ನೋಡಿದರು, ಮೂಸಿದರು, ಮೊದಲ ಪುಟ ತೆರೆದರು, ಪರಿವಿಡಿಯ ಮೇಲೆ ಬೆರಳಾಡಿಸಿದರು.

"ನಿಮ್ಮ ಆಫೀಸಿನದಾ?"

"ಹೂಂ."

"ಟಿಪ್ಪಣಿ ಯಾರದು?"

"ಸಂಪಾದಕ ಮಂಡಳಿ ಅಂತ ಇದೆಯಲ್ಲ."

"ಅಂದರೆ ಯಾರದೂ ಅಲ್ಲ," ಎಂದು ಅಪ್ಪ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕಿಟಕಿ ಪಕ್ಕದ ಕುರ್ಚಿಗೆ ಹೋದರು.

ದೊಡ್ಡವಳು ನನ್ನದು ಎಂದು ಹೇಳಲಿಲ್ಲ. ಹೇಳಿದರೆ ಅಪ್ಪ ಮಗಳೆಂದು ಬೈಯದೆ ಬಿಡುತ್ತಿದ್ದರು, ಇಲ್ಲವೇ ಮಗಳೆಂದೇ ಇನ್ನೊಂದು ಕೈ ಜಾಸ್ತಿ ಬೈಯುತ್ತಿದ್ದರು. ಅವಳಿಗೆ ಎರಡೂ ಬೇಕಿರಲಿಲ್ಲ. ಅಪ್ಪ ಓದಲಿ, ಓದಿ ಏನು ಬೇಕಾದರೂ ಹೇಳಲಿ ಎಂದುಕೊಂಡಳು.

ಪುಸ್ತಕ ಒಂಬತ್ತು ದಿನ ಆ ಕುರ್ಚಿಯ ತೋಳಿನ ಮೇಲಿತ್ತು. ಅಮ್ಮನ ಹೊಲಿಗೆ ಯಂತ್ರ ಅದರ ಪಕ್ಕದಲ್ಲೇ. ಅವಳು ಪ್ಯಾಂಟುಗಳ ಉದ್ದ ಕಡಿಮೆ ಮಾಡುವುದು, ಝಿಪ್ ಬದಲಾಯಿಸುವುದು, ಶಾಲೆಯ ಸಮವಸ್ತ್ರ ಹೊಲಿಯುವುದು ಮಾಡುತ್ತಿದ್ದಳು. ಬೆಳಗ್ಗೆ ಧೂಳು ಒರೆಸುವಾಗ ಪುಸ್ತಕ ಎತ್ತುವುದು, ಒರೆಸುವುದು, ಮತ್ತೆ ಅಲ್ಲೇ ಇಡುವುದು. ಅಪ್ಪ ಒಮ್ಮೊಮ್ಮೆ ಅದನ್ನು ತೆರೆದು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಏನೋ ಗೀಚುತ್ತಿದ್ದರು. ಹೆಚ್ಚಾಗಿ ಅದರ ಮೇಲೆ ಚಹಾದ ಲೋಟ ಇರುತ್ತಿತ್ತು.

ಹತ್ತನೇ ದಿನ ತಿಂಡಿಯ ಹೊತ್ತಿಗೆ ಅಪ್ಪ ಗಂಟಲು ಸರಿಮಾಡಿಕೊಂಡರು.

"ಕೇಳಿ. 'ಕವಿ ಇಟ್ಟಿಗೆ ಸುಟ್ಟವನು. ಪ್ರಕಾಶಕರು ಅವನನ್ನೇ ಸುಟ್ಟಿದ್ದಾರೆ. ಕಾಗದ ಅಗ್ಗದ್ದು, ಅಂಚು ಇಕ್ಕಟ್ಟು. ಕೊನೆಯ ಹದಿನಾರು ಪುಟದ ಟಿಪ್ಪಣಿಯಂತೂ ಶಾಲಾ ಮಕ್ಕಳ ಗೈಡಿಗೂ ನಾಲಾಯಕ್ಕು. ಯಾವುದೋ ಹಳೆಯ ನಿಘಂಟಿನಿಂದ ಬಾಚಿ ತಂದದ್ದು. ಬರೆದವರಿಗೆ ತಮ್ಮ ಹೆಸರು ಹಾಕಿಕೊಳ್ಳಲು ನಾಚಿಕೆಯಾಗಿದೆ. ಅದೊಂದೇ ಈ ಪುಸ್ತಕದಲ್ಲಿ ಕಾಣುವ ವಿವೇಕ. ಒಂದು ನಕ್ಷತ್ರ.' ಹೇಗಿದೆ?"

ಚಿಕ್ಕವಳು ನಕ್ಕಳು. ನಕ್ಕಮೇಲೆ ಅಕ್ಕನ ಮುಖ ನೋಡಿ ನಿಲ್ಲಿಸಿದಳು.

"ನಮ್ಮ ಆಫೀಸಿನ ಪುಸ್ತಕ ಅಪ್ಪ," ಎಂದಳು ದೊಡ್ಡವಳು.

"ಅದಕ್ಕೇ ಬರೆದದ್ದು. ನಾಳೆ ಯಾರಾದರೂ ಮಗಳು ಕೆಲಸ ಮಾಡುವ ಕಡೆಯದನ್ನು ಮಾತ್ರ ಬಿಟ್ಟ ಅನ್ನಬಾರದು. ನಿನ್ನ ಟೈಪಿಂಗ್ ಬಗ್ಗೆ ಏನೂ ಹೇಳಿಲ್ಲವಲ್ಲ. ಟೈಪಿಂಗ್ ಚೆನ್ನಾಗಿದೆ."

"ಟಿಪ್ಪಣಿ ಪೂರ್ತಿ ಓದಿದ್ರಾ?"

"ಓದಬಾರದಿತ್ತು. ಓದಿದೆ."

ಅವಳು ತಟ್ಟೆ ತೆಗೆದುಕೊಂಡು ಎದ್ದಳು. ಮೊಟ್ಟೆ ಹಾಗೇ ಇತ್ತು.

ಅಂದು ಮಧ್ಯಾಹ್ನ ಮಾಲೀಕರು ಅವಳನ್ನು ಒಳಗೆ ಕರೆದರು. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ನೇರನುಡಿ ತೆರೆದಿತ್ತು. ಆ ನೇರನುಡಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ.

"ನೋಡಿದೆಯಾ? ಈ ಮನುಷ್ಯ ಒಂದು ಕೊಟ್ಟರೆ ಅಂಗಡಿಯವರು ಕಟ್ಟು ಬಿಚ್ಚೋದೇ ಇಲ್ಲ. ಮುಂದಿನ ಸಂಪುಟದ ಕಾಗದಕ್ಕೆ ಹೇಳಿದ್ದೆ, ನಿಲ್ಲಿಸಿಬಿಟ್ಟೆ." ಅವರು ಕುರ್ಚಿಯಲ್ಲಿ ಒರಗಿದರು. "ಒಂದು ಕೆಲಸ ಮಾಡು. ನಿಮ್ಮ ಮನೇಲಿ ಎಷ್ಟು ಜನ?"

"ನಾಲ್ಕು."

"ಎಲ್ಲರ ಹತ್ರಾನೂ ಫೋನಿದೆ ತಾನೇ? ಭಾನುವಾರದೊಳಗೆ ನಾಲ್ಕು ಅಭಿಪ್ರಾಯ ಬರಲಿ, ಐದೈದು ಸ್ಟಾರು. ಅವನ ಒಂದು ಮುಚ್ಚಿಹೋಗುತ್ತೆ. ನಿನ್ನ ಸಂಪುಟ ನಿನ್ನ ಕೈಲೇ ಇದೆಯಮ್ಮ."

ದೊಡ್ಡವಳು ಸಂಜೆ ಮನೆಗೆ ಬಂದು, ಅಪ್ಪ ಅಡ್ಡಾಡಲು ಹೋದದ್ದನ್ನು ನೋಡಿಕೊಂಡು, ವಿಷಯ ಹೇಳಿದಳು. ಟಿಪ್ಪಣಿ ಬರೆದವಳು ತಾನು ಎಂಬುದನ್ನೂ ಹೇಳಿದಳು. ಚಿಕ್ಕವಳು ಬಾಯಿ ತೆರೆದು ಕೂತಳು. ಅಮ್ಮ ಯಂತ್ರದ ಪೆಡಲಿನಿಂದ ಕಾಲು ತೆಗೆದಳು.

"ಎಂಟು ತಿಂಗಳು ಬಾಗಿಲು ಹಾಕಿಕೊಂಡು ಕೂತಿದ್ದು ಇದಕ್ಕಾ? ನಾನು ಎಲ್ಲೋ ಹುಡುಗನ ಜೊತೆ ಮಾತಾಡ್ತೀಯ ಅಂದುಕೊಂಡಿದ್ದೆ."

"ಅದಾದರೂ ಆಗಿದ್ದರೆ ಪರವಾಗಿರಲಿಲ್ಲ," ಎಂದಳು ಚಿಕ್ಕವಳು. "ಕೊಡು ಅಕ್ಕ, ನಾನು ಬರೀತೀನಿ. ಕ್ಲಿನಿಕ್ಕಿಗೆ ದಿನಾ ಇದೇ ಮಾಡೋದು. 'ನೋವೇ ಆಗಲಿಲ್ಲ, ಡಾಕ್ಟರ ಕೈ ಹೂವಿನ ಥರ.' ಡಾಕ್ಟರ ಹೆಸರು ತೆಗೆದು ಕವಿ ಹೆಸರು ಹಾಕಿದರೆ ಆಯ್ತು."

"ಏನಾದರೂ ಮಾಡ್ಕೊಳ್ಳಿ. ನನಗೆ ತೋರಿಸಬೇಡಿ," ಎಂದು ದೊಡ್ಡವಳು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತೊಳೆಯತೊಡಗಿದಳು.

ಚಿಕ್ಕವಳು ಹತ್ತು ನಿಮಿಷದಲ್ಲಿ ಮೂರು ಬರೆದಳು. 'ಸಾಹಿತ್ಯಪ್ರೇಮಿ'ಯ ಕಣ್ಣು ತುಂಬಿಬಂತು. 'ಮುಂಜಾನೆ ಓದುಗ' ಒಂದೇ ಉಸಿರಿಗೆ ಮುಗಿಸಿದ. 'ಕಾವ್ಯಪಥಿಕ' ಈ ಪುಸ್ತಕ ಪ್ರತಿ ಮನೆಯಲ್ಲೂ ಇರಬೇಕು ಎಂದ. ನಾಲ್ಕನೆಯದಕ್ಕೆ ಅಮ್ಮನ ಕಡೆ ತಿರುಗಿದಳು.

"ನೀನು ಹೇಳಮ್ಮ, ನಾನು ಹೊಡೀತೀನಿ."

"ನಾನು ಓದಿಲ್ಲವಲ್ಲೇ."

"ಇಲ್ಲಿ ಯಾರು ಓದಿರೋದು?"

"ಓದದೆ ಓದಿದೆ ಅಂತ ಹೇಳೋಲ್ಲ ನಾನು. ನೋಡಿದ್ದು ಹೇಳ್ತೀನಿ, ಬೇಕಾದರೆ ಬರಕೋ." ಅಮ್ಮ ಸೂಜಿಗೆ ದಾರ ಪೋಣಿಸುತ್ತಾ ಯೋಚಿಸಿದಳು. "ಪುಸ್ತಕ ಕೈಗೆ ಹಗುರ. ಎರಡು ಸಲ ಕೆಳಗೆ ಬಿತ್ತು, ಬೆನ್ನು ಬಿಡಲಿಲ್ಲ. ಹೊಲಿಗೆ ಹತ್ತಿರ ಹತ್ತಿರ ಇದೆ, ಎಲ್ಲೂ ದಾರ ಸಡಿಲ ಇಲ್ಲ. ಬಿಸಿ ಲೋಟ ಇಟ್ಟರೂ ಬಣ್ಣ ಏಳಲಿಲ್ಲ. ಕೊನೇ ಹಾಳೆಗಳು ಮಾತ್ರ ಮೇಲೂ ಪಕ್ಕದಲ್ಲೂ ಕೂಡಿಕೊಂಡೇ ಇವೆ, ಬಿಡಿಸಿಲ್ಲ. ಓದಬೇಕಾದರೆ ಕತ್ತರಿ ಬೇಕು."

"ಎಷ್ಟು ಸ್ಟಾರು?"

"ನಾಲ್ಕು ಕೊಡು. ಕತ್ತರಿ ಕೆಲಸ ನಮಗೆ ಬಿಟ್ಟಿದಾರಲ್ಲ, ಅದಕ್ಕೆ ಒಂದು ಕಡಿಮೆ."

ಚಿಕ್ಕವಳು ನಗುತ್ತಾ, ಹೇಳಿದ್ದನ್ನು ಹೇಳಿದಂತೆಯೇ ಹೊಡೆದು, 'ಸೂಜಿದಾರ' ಎಂದು ಹೆಸರಿಟ್ಟು ಕಳಿಸಿದಳು. ಕೂಡಿಕೊಂಡ ಆ ಹಾಳೆಗಳೇ ಟಿಪ್ಪಣಿ ಎಂದು ಅವಳಿಗೂ ಹೊಳೆಯಲಿಲ್ಲ, ಅಮ್ಮನಿಗೂ ಹೊಳೆಯಲಿಲ್ಲ.

ಮರುದಿನ ಶನಿವಾರ. ಎಲ್ಲರೂ ತಿಂಡಿಗೆ ಕೂತಿದ್ದರು. ಅಪ್ಪ ಫೋನು ತೆರೆದವರು ಹುಬ್ಬು ಗಂಟಿಕ್ಕಿದರು.

"ಓಹೋ, ಪಟಾಲಂ ಬಂದಿದೆ. ಒಂದೇ ಸಂಜೆ ನಾಲ್ಕು! 'ಒಂದೇ ಉಸಿರಿಗೆ ಮುಗಿಸಿದೆ.' ನೂರ ಮೂವತ್ತು ಪದ್ಯ ಒಂದೇ ಉಸಿರಿಗಾ? ಈ ಪ್ರಾಣಿ ಮೀನಾ, ತಿಮಿಂಗಿಲಾನಾ? 'ಕಣ್ಣು ತುಂಬಿಬಂತು.' ಈರುಳ್ಳಿ ಹೆಚ್ಚುತ್ತಿದ್ದ ಅಂತ ಕಾಣುತ್ತೆ."

ಚಿಕ್ಕವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದಳು. ಆ ತುಂಡಿಗೆ ಅದು ಮೂರನೇ ಸುತ್ತು.

"ಇವರೆಲ್ಲ ಪುಸ್ತಕ ಕಣ್ಣಲ್ಲೂ ನೋಡಿಲ್ಲ. ಬಾಡಿಗೆ ಬಾಯಿಗಳು. ಇರು, ಇದೊಂದು ಬೇರೆ ಇದೆ." ಅಪ್ಪ ಕನ್ನಡಕ ಸರಿಮಾಡಿಕೊಂಡರು. "'ಎರಡು ಸಲ ಕೆಳಗೆ ಬಿತ್ತು, ಬೆನ್ನು ಬಿಡಲಿಲ್ಲ. ಹೊಲಿಗೆ ಹತ್ತಿರ ಹತ್ತಿರ ಇದೆ.' ನೋಡು! ಇದು ಪುಸ್ತಕ ಬಲ್ಲವನ ಮಾತು. ಸೂಜಿದಾರ ಅಂತೆ ಹೆಸರು. ಯಾರೋ ಹಳೇ ಬೈಂಡರ್ ಇರಬೇಕು. ನಾಲ್ಕು ಜನದಲ್ಲಿ ಇವನೊಬ್ಬನೇ ಪುಸ್ತಕ ಹಿಡಿದು ನೋಡಿರೋ ಗಂಡಸು."

ಅಮ್ಮ ಚಹಾ ಸೋಸುತ್ತಿದ್ದಳು. ಅವಳ ಕಿವಿ ಕೆಂಪಾಯಿತು.

"'ಕೊನೇ ಹಾಳೆಗಳು ಮಾತ್ರ ಮೇಲೂ ಪಕ್ಕದಲ್ಲೂ ಕೂಡಿಕೊಂಡೇ ಇವೆ...'" ಅಪ್ಪ ನಿಲ್ಲಿಸಿದರು. ಮತ್ತೊಮ್ಮೆ ಮನಸ್ಸಿನಲ್ಲೇ ಓದಿದರು. "ಥೂ, ಇವನೂ ಸುಳ್ಳ. ಹೊಗಳೋ ಥರ ಹೊಗಳಿ ಕೊನೇಲಿ ಏನೋ ಕಂಡುಹಿಡಿದ ಹಾಗೆ ಬರೆಯೋ ಚಟ. ಇವನಿಗೊಂದು ಉತ್ತರ ಹಾಕ್ತೀನಿ."

ದೊಡ್ಡವಳು ತಲೆ ಎತ್ತಿದಳು. "ಏನಂತ?"

ಅಪ್ಪ ಎರಡು ಹೆಬ್ಬೆರಳಿನಲ್ಲಿ ಹೊಡೆಯುತ್ತಾ ಹೊಡೆಯುತ್ತಾ ಓದಿದರು. "'ನನ್ನ ಬಳಿ ಇರುವ ಪ್ರತಿಯಲ್ಲಿ ಇಂಥ ದೋಷವಿಲ್ಲ. ನಾನು ಕೊನೆಯ ಪುಟದವರೆಗೂ ಓದಿದ್ದೇನೆ. ಈ ಮಹಾಶಯರು ಪುಸ್ತಕವನ್ನು ತೆರೆದೇ ಇಲ್ಲವೆಂದು ಕಾಣುತ್ತದೆ.' ಹಾಂ. ಕಳಿಸಿದೆ."

ಅಮ್ಮ ಚಹಾದ ಸೋಸಣಿಗೆಯನ್ನು ಬಟ್ಟಲಲ್ಲಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಕಿಟಕಿಯ ಪಕ್ಕಕ್ಕೆ ಹೋಗಿ, ಕುರ್ಚಿಯ ತೋಳಿನಿಂದ ಪುಸ್ತಕ ತಂದು, ಅಪ್ಪನ ತಟ್ಟೆಯ ಪಕ್ಕದಲ್ಲಿ ಹಿಂದುಗಡೆಯಿಂದ ತೆರೆದಳು.

"ಮತ್ತೆ ಇದೇನ್ರೀ?"

ಕೊನೆಯ ಫಾರಂ, ಹದಿನಾರು ಪುಟದ ಒಂದೇ ಮಡಿಕೆ, ಹೊಲಿಯುವಾಗ ಸ್ವಲ್ಪ ಒಳಗೆ ಸರಿದಿತ್ತು. ಬೈಂಡಿಂಗಿನ ಕಟಿಂಗ್ ಮೆಷಿನ್ನಿನ ಅಲಗಿಗೆ ಅದು ಸಿಕ್ಕಿರಲಿಲ್ಲ. ಮುಂದೆ 'ಟಿಪ್ಪಣಿಗಳು' ಎಂಬ ಶೀರ್ಷಿಕೆಯ ಮೊದಲ ಪುಟ ಕಾಣುತ್ತಿತ್ತು, ಹಿಂದೆ ಕೊನೆಯ ಪುಟ ಕಾಣುತ್ತಿತ್ತು. ನಡುವಿನ ಹದಿನಾಲ್ಕು ಪುಟ ಲಕೋಟೆಯಂತೆ ಮುಚ್ಚಿಕೊಂಡಿದ್ದವು.

ಅಪ್ಪ ಬೆರಳನ್ನು ಮಡಿಕೆಯೊಳಗೆ ತೂರಿಸಲು ನೋಡಿದರು. ಬೆರಳು ಹೋಗಲಿಲ್ಲ.

"ಪುಸ್ತಕ ಹಾಗೇ ಬರುತ್ತೆ ಅಂದುಕೊಂಡಿದ್ದೆ ನಾನು," ಎಂದಳು ಅಮ್ಮ. "ನೀವು ಹೇಗೋ ಓದಿರ್ತೀರಿ, ನಿಮಗೆ ಅಭ್ಯಾಸ ಇರುತ್ತೆ ಅಂದುಕೊಂಡೆ."

"ಸೂಜಿದಾರ ನೀನಾ?"

"ಹೂಂ. ಗಂಡಸು ಅಂದ್ರಲ್ಲ ಈಗ."

ಚಿಕ್ಕವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ದೊಡ್ಡವಳು ಆ ಮಡಿಕೆಯನ್ನೇ ನೋಡುತ್ತಿದ್ದಳು.

"ಇದು ನನ್ನದು ಅಪ್ಪ," ಎಂದಳು. "ಟಿಪ್ಪಣಿ. ನಾನು ಬರೆದದ್ದು. ಮಂಡಳಿ ಗಿಂಡಳಿ ಯಾವುದೂ ಇಲ್ಲ."

ಅಪ್ಪನ ಮುಖದಲ್ಲಿ ಏನೋ ಕುಸಿಯಿತು, ಮತ್ತೆ ಎದ್ದು ನಿಂತಿತು. "ಮೂವತ್ತೆರಡು ವರ್ಷ ಪುಸ್ತಕ ನೋಡಿದವನು ನಾನು. ದಿನಕ್ಕೆ ನಲವತ್ತು ಪುಸ್ತಕಕ್ಕೆ ನಂಬರು ಹಾಕಿದೀನಿ. ಮೊದಲ ಪುಟ, ಪರಿವಿಡಿ, ಹಿಂದಿನ ಹೊದಿಕೆ. ಎರಡು ನಿಮಿಷ ಸಾಕು ನನಗೆ, ಯಾವ ಕಪಾಟಿಗೆ ಹೋಗಬೇಕು ಅಂತ ಹೇಳ್ತಿದ್ದೆ. ಒಂದು ಸಲವೂ ತಪ್ಪಿಲ್ಲ."

"ಕಪಾಟು ಹೇಳ್ತಿದ್ರಿ," ಎಂದಳು ಅಮ್ಮ. "ಯಾರು ಕೇಳಿದ್ರು ಈಗ ಕಪಾಟು?"

"ನಾನೂರ ಹನ್ನೊಂದೂ ಹೀಗೇನಾ?" ಎಂದು ಚಿಕ್ಕವಳು ಕೇಳಿದಳು. ನಗು ಬರುವುದಿರಲಿ, ಅವಳಿಗೆ ಸ್ವಲ್ಪ ಹೆದರಿಕೆಯೇ ಆಗಿತ್ತು.

ಅಮ್ಮ ಯಂತ್ರದ ಡ್ರಾಯರಿನಿಂದ ದೊಡ್ಡ ಕತ್ತರಿ ತಂದು ಮಡಿಕೆಗಳನ್ನು ಒಂದೊಂದಾಗಿ, ಬಟ್ಟೆ ಕತ್ತರಿಸುವಷ್ಟೇ ನೇರವಾಗಿ, ಬಿಡಿಸಿದಳು. ಕಾಗದದ ಸಣ್ಣ ಸಣ್ಣ ಚೂರುಗಳು ಮೊಟ್ಟೆಯ ಮೇಲೆ ಬಿದ್ದವು.

ಅಂದು ಮತ್ತು ಮರುದಿನ ಅಪ್ಪ ಕುರ್ಚಿಯಿಂದ ಏಳಲಿಲ್ಲ. ಚಹಾ ಕುರ್ಚಿಯ ಹತ್ತಿರಕ್ಕೆ ಬರುವುದು ನಿಂತಿತು. ಬೇಕಾದರೆ ಎದ್ದು ಬಂದು ಕುಡಿಯಲಿ ಎಂದಳು ಅಮ್ಮ. ಅವರು ಹದಿನಾರು ಪುಟವನ್ನು ಎರಡು ದಿನ ಓದಿದರು. ಭಾನುವಾರ ಸಂಜೆ ದೊಡ್ಡವಳು ಇಸ್ತ್ರಿ ಮಾಡುತ್ತಿದ್ದಾಗ ಬಂದು ಬಾಗಿಲಲ್ಲಿ ನಿಂತರು.

"ನಲವತ್ತೊಂದನೇ ಪದ್ಯ. ಮೂರು ಬಾಯಿಯ ಬೆಂಕಿ. ಎಲ್ಲರೂ ದೇಹ, ಮನಸ್ಸು, ಆತ್ಮ ಅಂತಲೇ ಬರೆದಿರೋದು. ನೀನು ಗೂಡಿನ ಬಾಯಿ ಅಂತ ಬರೆದಿದೀಯ. ಅದು ಎಲ್ಲಿ ಸಿಕ್ಕಿತು?"

"ಗೂಡಿನಲ್ಲಿ."

"ಅಂದರೆ, ಯಾವ ಪುಸ್ತಕದಲ್ಲಿ?"

"ಪುಸ್ತಕದಲ್ಲಲ್ಲ. ಎರಡು ಬಸ್ಸು ಬದಲಾಯಿಸಿ ಇಟ್ಟಿಗೆ ಗೂಡಿಗೆ ಹೋಗಿದ್ದೆ. ಮೂರು ಬಾಯಿ ಇದೆ ಅಪ್ಪ. ಒಂದರಲ್ಲಿ ಸೌದೆ ಹಾಕ್ತಾರೆ, ಇನ್ನೊಂದರಲ್ಲಿ ಬೂದಿ ಎಳೀತಾರೆ. ಮೂರನೆಯದರಲ್ಲಿ ಗಾಳಿ ನೋಡ್ತಾರೆ. ಕೆಲಸದವನು ತೋರಿಸಿದ."

ಅಪ್ಪ ತಲೆಯಾಡಿಸಿದರು. "ಚೆನ್ನಾಗಿದೆ. ಹನ್ನೆರಡನೆಯದರ ಹಕ್ಕಿ ಮಾತ್ರ ತಪ್ಪು."

"ಗೊತ್ತು." 

"ಗೊತ್ತಿದ್ದೂ ಬರೆದೆಯಾ?"

"ನೀವು ಬರೀಲಿಲ್ವಾ?" ಅವಳು ಅಂಗಿಯ ಕಾಲರು ತಿರುಗಿಸಿದಳು. "ಚೆನ್ನಾಗಿದೆ ಅನ್ನೋದನ್ನ ನನಗೆ ಹೇಳಬೇಡಿ. ಅಲ್ಲಿ ಬರೀರಿ."

"ಅಲ್ಲಿ ಬರೆದರೆ ನಾನು ಓದದೆ ಬರೆದೆ ಅಂತ ಆಗುತ್ತೆ."

"ಹೌದು."

"ನಾಲ್ಕು ವರ್ಷದ ಹೆಸರು ಅದು."

"ನನಗೆ ಒಂದು ಸಲವಾದರೂ ಹೆಸರು ಬರೋದಿತ್ತು."

"ನಿನಗೆ ಇನ್ನೂ ವಯಸ್ಸಿದೆ," ಎಂದರು ಅಪ್ಪ.

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಅವರನ್ನು ನೋಡಿದಳು. ಹಳಸಿದ ಹಾಲಿನ ಪಾತ್ರೆಯನ್ನು ನೋಡುವ ಹಾಗೆ ನೋಡಿದಳು. ಅಪ್ಪ ಬಾಗಿಲಿಂದ ಸರಿದರು.

ಸೋಮವಾರ ಅವಳು ನೇರವಾಗಿ ಮಾಲೀಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು. ನೇರನುಡಿ ನನ್ನ ತಂದೆ, ಅವರು ಟಿಪ್ಪಣಿ ಓದಿರಲಿಲ್ಲ, ಹಾಳೆ ಕತ್ತರಿಸಿಯೇ ಇರಲಿಲ್ಲ, ಆದ್ದರಿಂದ ಆ ಒಂದು ನಕ್ಷತ್ರವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದಳು. ಮಾಲೀಕರು ಪೂರ್ತಿ ಕೇಳಿ ಮೇಜು ತಟ್ಟಿ ನಕ್ಕರು.

"ಅಯ್ಯೋ, ಮನೇಲೇ ಇಟ್ಟುಕೊಂಡಿದ್ದೀಯಲ್ಲಮ್ಮ! ಇಷ್ಟು ದಿನ ಹೇಳಬಾರದಾ? ಒಳ್ಳೇದೇ ಆಯ್ತು. ಮುಂದಿನ ಸಂಪುಟಕ್ಕೆ ಟಿಪ್ಪಣಿ ನೇರನುಡಿ ಅಂತಲೇ ಹಾಕೋಣ. ನೀನು ಬರಿ, ಹೆಸರು ಅವರದು. ಅವರೇ ಬರೆದದ್ದನ್ನು ಅವರೇ ಬೈಯೋಕಾಗಲ್ಲ ನೋಡು."

"ಟಿಪ್ಪಣಿ ಹೇಗಿದೆ ಅಂತ ನೀವಾದರೂ ಓದಿದ್ರಾ ಸಾರ್?"

"ನಾನು ಪ್ರಕಾಶಕ ಕಣಮ್ಮ," ಎಂದರು ಮಾಲೀಕರು, ಏನೋ ಕೇಳಬಾರದ್ದನ್ನು ಕೇಳಿದಳೆಂಬಂತೆ.

ಅವಳು ತನ್ನ ಮೇಜಿಗೆ ಬಂದು ಕೂತಳು. ತೆರೆಯ ಮೇಲೆ ಕೆಮ್ಮಿನ ಔಷಧಿಯ ಲೇಬಲ್ಲು ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಿದಳು. ಆಮೇಲೆ ಆ ತಾಣ ತೆರೆದು, 'ಟಿಪ್ಪಣಿಯವಳು' ಎಂದು ಹೆಸರು ಕೊಟ್ಟು, ಬರೆದಳು:

"ಈ ಪುಸ್ತಕದ ಟಿಪ್ಪಣಿ ಬರೆದವಳು ನಾನು. ನೇರನುಡಿ ನನ್ನ ತಂದೆ. ಅವರು ಒಂದು ನಕ್ಷತ್ರ ಕೊಟ್ಟಾಗ ಟಿಪ್ಪಣಿಯ ಹಾಳೆಗಳನ್ನು ಇನ್ನೂ ಕತ್ತರಿಸಿರಲಿಲ್ಲ. ಸೂಜಿದಾರ ನನ್ನ ತಾಯಿ. ಅವರು ಬರೆದದ್ದೆಲ್ಲ ನಿಜ. ಉಳಿದ ಮೂವರೂ ನನ್ನ ತಂಗಿ. ಅವಳು ಪುಸ್ತಕ ಓದಿಲ್ಲ, ಪ್ರಕಾಶಕರು ಬರೆಸಿದರು, ಅವರೂ ಓದಿಲ್ಲ. ಟಿಪ್ಪಣಿಯಲ್ಲಿ ಎರಡು ತಪ್ಪಿವೆ. ಹನ್ನೆರಡನೇ ಪದ್ಯದ ಹಕ್ಕಿ ಯಾವುದೆಂದು ನನಗೆ ಗೊತ್ತಾಗಲಿಲ್ಲ, ಗೊತ್ತಿದ್ದವಳ ಹಾಗೆ ಬರೆದಿದ್ದೇನೆ. ಎಪ್ಪತ್ತನೆಯದರ ಕೊನೆಯ ಸಾಲು ನನಗೆ ಅರ್ಥವಾಗಿಲ್ಲ. ಮೂರು ನಕ್ಷತ್ರ."

ಕೆಲಸ ಹೋಗುತ್ತದೆ ಎಂದುಕೊಂಡೇ ಬ್ಯಾಗಿಗೆ ತನ್ನ ಲೋಟ, ಕುರ್ಚಿಯ ಮೇಲಿನ ಸಣ್ಣ ದಿಂಬು ತುಂಬಿಕೊಂಡು ಮನೆಗೆ ಬಂದಳು. ನಾಳೆಯಿಂದ ಬರುವುದಿಲ್ಲ ಎಂದು ಅಕೌಂಟೆಂಟಿಗೆ ಹೇಳಿ ಬಂದಳು.

ಆ ವಾರ ಮನೆಯಲ್ಲಿ ಯಾರೂ ಯಾರಿಗೂ ನಕ್ಷತ್ರ ಕೊಡಲಿಲ್ಲ. ಅಪ್ಪ ಫೋನು ನೋಡುತ್ತಿದ್ದರು, ಆದರೆ ಓದಿ ಹೇಳುತ್ತಿರಲಿಲ್ಲ. ಹೇಳುವ ಕೆಲಸ ಚಿಕ್ಕವಳದಾಯಿತು. ಮಂಗಳವಾರ ಹದಿನಾಲ್ಕು ಅಭಿಪ್ರಾಯ, ಗುರುವಾರ ಅರವತ್ತು. ಅರ್ಧ ಜನ ಅಪ್ಪನ ಕಡೆ, ಅರ್ಧ ಜನ ಮಗಳ ಕಡೆ. ಒಬ್ಬ 'ಹೆತ್ತವರ ಮರ್ಯಾದೆ ಬೀದಿಗೆ ತಂದವಳು' ಎಂದು ಒಂದು ನಕ್ಷತ್ರ ಕೊಟ್ಟ. ಇನ್ನೊಬ್ಬಳು 'ನಮ್ಮಪ್ಪನೂ ಹೀಗೇ' ಎಂದು ಐದು ಕೊಟ್ಟಳು. ಸೂಜಿದಾರಕ್ಕೆ ಹನ್ನೆರಡು ಜನ ಮೆಚ್ಚುಗೆ ಹೇಳಿ, ಅವರ ಅಂಗಡಿ ಎಲ್ಲಿದೆ ಎಂದು ಕೇಳಿದ್ದರು. ಕವಿಯ ಬಗ್ಗೆ ಒಬ್ಬರೂ ಒಂದು ಸಾಲೂ ಬರೆದಿರಲಿಲ್ಲ. ನೇರನುಡಿಯ ಒಂದು ನಕ್ಷತ್ರ ಮಾತ್ರ ಇದ್ದಲ್ಲೇ ಇತ್ತು. ಅಪ್ಪ ಅದನ್ನು ಅಳಿಸಲಿಲ್ಲ, ತಿದ್ದಲೂ ಇಲ್ಲ.

"ಅಳಿಸಿದರೆ ಏನು ಗಂಟು ಹೋಗುತ್ತೆ ನಿಮಗೆ?" ಎಂದು ಅಮ್ಮ ಒಂದು ಮಧ್ಯಾಹ್ನ ಕೇಳಿದಳು.

"ಅಳಿಸಿದರೆ ಹೆದರಿ ಅಳಿಸಿದ ಅಂತಾರೆ."

"ಈಗ ಏನಂತಿದಾರೆ, ಹೊಗಳ್ತಿದಾರಾ?"

ಭಾನುವಾರ ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ದೊಡ್ಡವಳ ಫೋನು ಬಡಿದುಕೊಂಡಿತು. ಅವಳ ಕೈ ಪಾತ್ರೆಯ ನೊರೆಯಲ್ಲಿತ್ತು. ಚಿಕ್ಕವಳು ಎತ್ತಿ, ಎಲ್ಲರಿಗೂ ಕೇಳುವಂತೆ ಮಾಡಿ ಮೇಜಿನ ಮೇಲಿಟ್ಟಳು.

"ಏನಮ್ಮ, ಕೆಲಸಕ್ಕೆ ಬರ್ತಾ ಇಲ್ಲ?" ಮಾಲೀಕರ ದನಿ ಖುಷಿಯಲ್ಲಿತ್ತು. "ಅಲ್ಲಿ ನನ್ನನ್ನ ಬೈದಿದ್ದಕ್ಕೆ ನನಗೇನೂ ಬೇಜಾರಿಲ್ಲ. ಮೊದಲ ಮುದ್ರಣ ಖಾಲಿ! ನಾಳೆಯಿಂದ ಬಾ, ಎರಡನೇ ಸಂಪುಟ ಶುರು ಮಾಡು. ನಿಮ್ಮ ತಂದೆಯವರಿಗೂ ಹೇಳು, ಇದಕ್ಕೂ ಹೀಗೇ ಒಂದು ಹಾಕಲಿ, ನೀನು ಉತ್ತರ ಕೊಡು. ಜಗಳ ತಣ್ಣಗಾಗಬಾರದು."

"ನನ್ನ ಹೆಸರು ಹಾಕ್ತೀರಾ?" ಎಂದು ದೊಡ್ಡವಳು ನಲ್ಲಿ ನಿಲ್ಲಿಸಿ ಕೇಳಿದಳು.

"ಹೆಸರಿಗೇನು ಅವಸರ? ಜನಕ್ಕೆ 'ಟಿಪ್ಪಣಿಯವಳು' ಇಷ್ಟವಾಗಿದೆ. ನೇರನುಡಿ, ಟಿಪ್ಪಣಿಯವಳು, ಜೋಡಿ ಚೆನ್ನಾಗಿದೆ."

"ಅಪ್ಪ ಇನ್ನುಮುಂದೆ ಬರೆದರೆ ಓದಿ ಬರೀತಾರೆ."

"ಅಯ್ಯೋ, ಬೇಡಮ್ಮ!" ಎಂದರು ಮಾಲೀಕರು ಗಾಬರಿಯಿಂದ. "ಓದಿದರೆ ಆ ಖಾರ ಬರಲ್ಲ. ಅವರು ಓದೋದು ಬೇಡ. ಓದದೆ ಬರೆಯೋದರಲ್ಲಿ ಅವರನ್ನು ಮೀರಿಸೋರು ಯಾರಿದಾರೆ?"

ಅಪ್ಪ ಅನ್ನದ ಕೊನೆಯ ತುತ್ತನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಅದನ್ನು ತಟ್ಟೆಯಲ್ಲಿ ಇಟ್ಟರು. ಎಡಗೈಯಲ್ಲಿ ಫೋನು ಎತ್ತಿಕೊಂಡರು.

"ನಾನು ನೇರನುಡಿ ಮಾತಾಡ್ತಿರೋದು."

"ಓಹೋ! ನಮಸ್ಕಾರ ಸಾರ್, ನಮಸ್ಕಾರ. ನಿಮ್ಮ ಅಭಿಮಾನಿ ನಾನು."

"ಇಲ್ಲಿವರೆಗೆ ಎಷ್ಟು ಪುಸ್ತಕ ಮಾಡಿದೀರಿ ನೀವು?"

"ನೂರ ನಲವತ್ತು ಆಯ್ತು ಸಾರ್, ನಿಮ್ಮ ಆಶೀರ್ವಾದ."

"ಐದು ಸಂಪುಟಕ್ಕೂ ನನ್ನ ಮಗಳ ಹೆಸರು ಹಾಕಿ. ಒಳಪುಟದಲ್ಲಿ, ಕವಿಯ ಹೆಸರಿನ ಕೆಳಗೆ. ಹಾಕಲಿಲ್ಲವೋ, ನಿಮ್ಮ ನೂರ ನಲವತ್ತು ಪುಸ್ತಕವನ್ನೂ ನಾನು ಓದ್ತೀನಿ."

"ಓದಿ ಸಾರ್, ಅದಕ್ಕೇನಂತೆ..."

"ಪೂರ್ತಿ ಓದ್ತೀನಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ. ನನಗೆ ಬೇರೆ ಕೆಲಸ ಇಲ್ಲ. ಓದಿ, ಒಂದೊಂದಕ್ಕೂ ಬರೀತೀನಿ."

ಫೋನಿನ ಆ ಕಡೆ ಕುರ್ಚಿ ಕಿರುಗುಟ್ಟಿತು. ನೂರ ನಲವತ್ತು ಪುಸ್ತಕಗಳಲ್ಲಿ ಏನೇನಿದೆಯೋ ಮಾಲೀಕರಿಗೂ ಗೊತ್ತಿರಲಿಲ್ಲ. ಅದೇ ಅವರನ್ನು ಹೆದರಿಸಿತು.

"ಯಾಕೆ ಸಾರ್ ಅಷ್ಟೊಂದು ಮಾತು," ಎಂದರು ಕೊನೆಗೆ. "ಹಾಕಿದರಾಯ್ತು. ಈಗಲೇ ಬರಕೊಳ್ತೀನಿ. ಹೇಗೂ ಜನಕ್ಕೆ ಗೊತ್ತಾಗಿದೆಯಲ್ಲ, ಹೆಸರಿನ ಜೊತೆಗೆ ನೇರನುಡಿಯವರ ಮಗಳು ಅಂತಾನೂ ಸೇರಿಸೋಣ್ವಾ?"

ಅಪ್ಪ ಮಗಳ ಮುಖ ನೋಡಿದರು. ಅವರ ಮುಖದಲ್ಲಿ, ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ತನ್ನ ನಂಬರು ಹುಡುಕುವವನ ಆಸೆ ಇತ್ತು.

"ಬೇಡ," ಎಂದಳು ದೊಡ್ಡವಳು. "ನನ್ನದೊಂದೇ."

ಅವಳು ಕೈ ಒರೆಸಿಕೊಂಡು, ಅಪ್ಪನ ಕೈಯಿಂದ ಫೋನು ತೆಗೆದುಕೊಂಡು, ಬಟ್ಟೆ ಒಣಹಾಕುವ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಅಲ್ಲಿ ನಿಂತು ತನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ, ನಿಧಾನವಾಗಿ, ಎರಡು ಸಲ ಹೇಳಿದಳು. ಎಂಟು ವರ್ಷ ಅಮ್ಮ ಅಮ್ಮ ಎಂದು ಕರೆದಿದ್ದ ಮಾಲೀಕರಿಗೆ ಅದು ಪೂರ್ತಿ ಗೊತ್ತಿರಲಿಲ್ಲ.